ಮುಖ ನೋಡಿ ಮಣೆ ಹಾಕದ ಪುಟಗಳು: ಮಕ್ಕಳ ಚಿತ್ರಪುಸ್ತಕಗಳಲ್ಲಿ ತೋರಿಕೆ ಮತ್ತು ಅಂತಃಕರಣ

1

ಮಕ್ಕಳ ಸಾಹಿತ್ಯವನ್ನು ಕುರಿತ ಕನ್ನಡದ ಚರ್ಚೆಗಳಲ್ಲಿ ಚಿತ್ರವು ಬಹುಮಟ್ಟಿಗೆ ಅಲಂಕಾರದ ಸ್ಥಾನವನ್ನೇ ಪಡೆದಿದೆ. ಪದ್ಯದ ಪ್ರಾಸ, ಕಥೆಯ ನೀತಿ, ಭಾಷೆಯ ಸರಳತೆ ಇವುಗಳ ಬಗೆಗೆ ವಿವರವಾಗಿ ಬರೆಯುವವರು ಸಹ ಚಿತ್ರಗಳ ಪ್ರಸ್ತಾಪ ಬಂದಾಗ ‘ಆಕರ್ಷಕವಾಗಿವೆ’ ಎಂಬ ಒಂದು ಮಾತಿನಲ್ಲಿ ಮುಗಿಸುವುದುಂಟು. ಆದರೆ ಸಚಿತ್ರ ಪುಸ್ತಕ ಬೇರೆ, ಚಿತ್ರಪುಸ್ತಕ ಬೇರೆ. ಮೊದಲನೆಯದರಲ್ಲಿ ಚಿತ್ರಗಳನ್ನು ತೆಗೆದುಹಾಕಿದರೂ ಕಥೆ ಉಳಿಯುತ್ತದೆ, ಎರಡನೆಯದರಲ್ಲಿ ಉಳಿಯುವುದಿಲ್ಲ. ಚಿತ್ರಪುಸ್ತಕದಲ್ಲಿ ಮಾತು ಹೇಳದೆ ಬಿಟ್ಟದ್ದನ್ನು ಚಿತ್ರ ಹೇಳುತ್ತದೆ. ಕೆಲವೊಮ್ಮೆ ಮಾತು ಹೇಳಿದ್ದನ್ನು ಚಿತ್ರವೇ ಅಲ್ಲಗಳೆಯುತ್ತದೆ. ಪೆರಿ ನೋಡಲ್ಮನ್ ಅವರ ‘ವರ್ಡ್ಸ್ ಅಬೌಟ್ ಪಿಕ್ಚರ್ಸ್’ (1988), ಮರಿಯಾ ನಿಕೊಲಾಯೆವಾ ಮತ್ತು ಕ್ಯಾರೊಲ್ ಸ್ಕಾಟ್ ಅವರ ‘ಹೌ ಪಿಕ್ಚರ್‌ಬುಕ್ಸ್ ವರ್ಕ್’ (2001) ಎಂಬ ಗ್ರಂಥಗಳು ಮಾತು ಮತ್ತು ಚಿತ್ರಗಳ ಈ ಸಂಬಂಧವನ್ನೇ ಪ್ರಕಾರದ ಮುಖ್ಯ ಲಕ್ಷಣವೆಂದು ಪರಿಗಣಿಸಿ ವಿಶ್ಲೇಷಿಸಿವೆ.

ಈ ಪ್ರಕಾರದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ವಸ್ತುಗಳಲ್ಲಿ ಒಂದು, ತೋರಿಕೆಯನ್ನು ನೋಡಿ ಯಾರನ್ನೂ ಅಳೆಯಬಾರದು, ಇನ್ನೊಬ್ಬರ ಒಳಗನ್ನು ಅರಿಯಬೇಕು ಎಂಬುದು. ಇಲ್ಲಿಯೇ ಒಂದು ತೊಡಕು ಇದೆ. ಕಣ್ಣಿಗೆ ಕಂಡದ್ದನ್ನು ನಂಬಬೇಡ ಎಂದು ಹೇಳಲು ಹೊರಟ ಪುಸ್ತಕಕ್ಕೆ ಕಣ್ಣಿಗೆ ಕಾಣುವುದಲ್ಲದೆ ಬೇರೆ ಸಾಧನವಿಲ್ಲ. ಚಿತ್ರಕಾರನು ಒಂದು ಮುಖವನ್ನು ಬರೆದೊಡನೆ ಮಗು ಅದನ್ನು ಅಳೆಯಲು ತೊಡಗುತ್ತದೆ. ಈ ತೊಡಕನ್ನು ಕೃತಿಗಳು ಹೇಗೆ ಎದುರಿಸಿವೆ, ಯಾವುವು ದಾಟಿವೆ, ಯಾವುವು ನೀತಿವಾಕ್ಯದ ಮರೆಯಲ್ಲಿ ಹಳೆಯ ಅಳತೆಗೋಲನ್ನೇ ಉಳಿಸಿಕೊಂಡಿವೆ ಎಂಬುದನ್ನು ಕೆಲವು ಮುಖ್ಯ ಕೃತಿಗಳ ಆಧಾರದಿಂದ ಇಲ್ಲಿ ಪರಿಶೀಲಿಸಲಾಗಿದೆ.

2

ತೋರಿಕೆಯನ್ನು ನಂಬಬಾರದೆಂಬ ವಿವೇಕ ಕನ್ನಡಕ್ಕೆ ಹೊಸದಲ್ಲ. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆಯೂ ಅತ್ತಿಯ ಹಣ್ಣಿನ ಒಳಗಿನ ಹುಳುವನ್ನು ನೆನಪಿಸುವ ಮಾತುಗಳೂ ಜನಬಳಕೆಯಲ್ಲಿವೆ. ಆದರೆ ಈ ಗಾದೆಗಳ ದಿಕ್ಕನ್ನು ಗಮನಿಸಬೇಕು. ಹೊರಗೆ ಚೆಲುವಾಗಿ ಕಂಡದ್ದು ಒಳಗೆ ಕೆಟ್ಟಿರಬಹುದು ಎಂಬುದು ಅವುಗಳ ಎಚ್ಚರಿಕೆ. ಅವು ಕಲಿಸುವುದು ಸಂಶಯವನ್ನು. ಮಕ್ಕಳ ಚಿತ್ರಪುಸ್ತಕ ಹಿಡಿದ ದಾರಿ ಇದಕ್ಕೆ ವಿರುದ್ಧವಾದುದು: ಹೊರಗೆ ವಿಕಾರವಾಗಿ, ವಿಚಿತ್ರವಾಗಿ, ಮಂಕಾಗಿ ಕಂಡದ್ದರ ಒಳಗೆ ಬೇರೆ ಏನೋ ಇದೆ ಎಂದು ಅದು ಹೇಳುತ್ತದೆ. ಅದು ಕಲಿಸಬಯಸುವುದು ವಿಶ್ವಾಸವನ್ನು. ಎರಡೂ ತೋರಿಕೆಯನ್ನು ಅಲ್ಲಗಳೆಯುತ್ತವೆ. ಆದರೆ ಮೊದಲನೆಯದು ನೋಡುವವನನ್ನು ಕಾಪಾಡಲು, ಎರಡನೆಯದು ನೋಡಲ್ಪಡುವವನನ್ನು ಕಾಪಾಡಲು. ಈ ಎರಡನೆಯ ಕಾಳಜಿಗೆ ಹತ್ತಿರವಾದ ಮಾತು ಕನ್ನಡದಲ್ಲಿ ‘ಮುಖ ನೋಡಿ ಮಣೆ ಹಾಕುವುದು’ ಎಂಬ ನಿಂದೆ. ಅಲ್ಲಿ ತಪ್ಪು ಮುಖದ್ದಲ್ಲ, ಮಣೆ ಹಾಕುವವನದು.

ಪಂಚತಂತ್ರ ಪರಂಪರೆಯ ನೀಲಿ ನರಿಯ ಕಥೆ ಮೊದಲನೆಯ ದಿಕ್ಕಿಗೆ ಸ್ಪಷ್ಟ ನಿದರ್ಶನ. ಬಣ್ಣದ ತೊಟ್ಟಿಯಲ್ಲಿ ಬಿದ್ದ ನರಿ ತನ್ನ ಹೊಸ ಮೈಬಣ್ಣದ ಬಲದಿಂದ ಕಾಡಿನ ಅರಸನಾಗುತ್ತದೆ. ಉಳಿದ ನರಿಗಳ ಊಳಿಗೆ ತಾನೂ ಊಳಿಟ್ಟು ಬಯಲಾಗಿ ನಾಶವಾಗುತ್ತದೆ. ಇಲ್ಲಿ ದನಿಯೇ ಒಳಗಿನ ಸತ್ಯ. ಆ ಸತ್ಯ ಹೊರಬಂದಾಗ ದೊರೆಯುವುದು ದಂಡನೆ. ಹುಟ್ಟು ಮರೆಯಾಗದು, ಮರೆಮಾಡಹೊರಟವನು ಉಳಿಯನು ಎಂಬ ಸಾಮಾಜಿಕ ತೀರ್ಪು ಈ ಕಥೆಯ ತಳದಲ್ಲಿದೆ.

ಚಿತ್ರಪರಂಪರೆಯ ಸಂಗತಿಯೂ ಹೀಗೆಯೇ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬಂದೊಡನೆ ಅದು ರಾಕ್ಷಸ ಪಾತ್ರವೆಂದು ಪ್ರೇಕ್ಷಕನಿಗೆ ತಿಳಿಯುತ್ತದೆ. ಅದು ಆ ಕಲೆಯ ಸಂಕೇತವ್ಯವಸ್ಥೆ, ಅದರಲ್ಲಿ ದೋಷವಿಲ್ಲ. ಆದರೆ ಮುದ್ರಿತ ಚಿತ್ರಕಥೆಗಳಲ್ಲಿ ಇದೇ ಸಂಕೇತ ಮನುಷ್ಯರ ಮೈಗೆ ಇಳಿದಾಗ ಪರಿಣಾಮ ಬೇರೆಯಾಗುತ್ತದೆ. ಕೆಡುಕನೆಂದರೆ ಕಪ್ಪು ಮೈ, ಹೊರಚಾಚಿದ ಹಲ್ಲು, ದಪ್ಪ ತುಟಿ. ರಾಜಕುಮಾರಿಯೆಂದರೆ ಬಿಳುಪು ಎಂಬ ರೂಢಿ ಭಾರತದ ಜನಪ್ರಿಯ ಮಕ್ಕಳ ಪ್ರಕಟಣೆಗಳಲ್ಲಿ ಬಹುಕಾಲ ನಡೆದುಬಂದಿದೆ. 1967ರಲ್ಲಿ ಆರಂಭವಾದ ‘ಅಮರ ಚಿತ್ರ ಕಥಾ’ ಮಾಲೆಯ ಬಗೆಗೆ ಸಂಶೋಧಕರು ಎತ್ತಿರುವ ಆಕ್ಷೇಪಗಳಲ್ಲಿ ಇದೂ ಒಂದು. ಓದಲು ಬಾರದ ವಯಸ್ಸಿನಲ್ಲಿಯೇ ಮಗು ಮುಖವನ್ನು ಓದಿ ಗುಣವನ್ನು ನಿರ್ಣಯಿಸುವ ವಿದ್ಯೆಯನ್ನು ಚಿತ್ರದಿಂದಲೇ ಕಲಿಯುತ್ತದೆ. ಹಾಗಾಗಿ ತೋರಿಕೆಯನ್ನು ನಂಬಬೇಡ ಎಂಬ ಪಾಠ ಚಿತ್ರದಲ್ಲಿಯೇ ನಡೆಯಬೇಕು. ಕೊನೆಯ ಪುಟದ ವಾಕ್ಯದಲ್ಲಿ ನಡೆದರೆ ಸಾಲದು.

3

ಈ ವಸ್ತುವಿನ ಆಧುನಿಕ ಮಾದರಿಯನ್ನು ರೂಪಿಸಿದ ಕೃತಿ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್‌ನ ‘ಕುರೂಪಿ ಬಾತುಮರಿ’ (1843). ಬಾತುಗಳ ನಡುವೆ ಕುರೂಪಿಯೆನಿಸಿ ತಿರಸ್ಕಾರಕ್ಕೆ ಗುರಿಯಾದ ಮರಿ ಕೊನೆಗೆ ಹಂಸವಾಗಿ ಬೆಳೆಯುತ್ತದೆ. ಅಸಂಖ್ಯ ಚಿತ್ರಪುಸ್ತಕಗಳಾಗಿ ಮರುಹುಟ್ಟು ಪಡೆದಿರುವ ಈ ಕಥೆಯನ್ನು ತೋರಿಕೆಯ ವಿರುದ್ಧದ ಕಥೆಯೆಂದು ಓದುವುದು ವಾಡಿಕೆ. ಆದರೆ ಕಥೆಯ ಮುಕ್ತಾಯ ಈ ಓದಿಗೆ ಒಗ್ಗುವುದಿಲ್ಲ. ಮರಿಗೆ ಗೌರವ ಸಿಗುವುದು ಅದು ಚೆಲುವಾದ ಮೇಲೆ. ಬಾತುಗಳ ಅಳತೆಗೋಲು ಮುರಿಯಲಿಲ್ಲ. ಮರಿ ಆ ಕೋಲಿಗಿಂತ ಎತ್ತರವಾಯಿತು, ಅಷ್ಟೆ. ಹಂಸವಾಗದೆ ಬಾತಾಗಿಯೇ, ಕುರೂಪಿಯಾಗಿಯೇ ಉಳಿಯುವ ಮರಿಗೆ ಈ ಕಥೆಯಲ್ಲಿ ಜಾಗವಿಲ್ಲ.

ಅಮೆರಿಕದ ಮಾಂಟ್ಗೊಮೆರಿ ವಾರ್ಡ್ ಎಂಬ ಮಾರಾಟ ಸಂಸ್ಥೆಗಾಗಿ ರಾಬರ್ಟ್ ಎಲ್. ಮೇ 1939ರಲ್ಲಿ ಬರೆದ ರುಡಾಲ್ಫ್ ಎಂಬ ಹಿಮಸಾರಂಗದ ಕಥೆ ಇದೇ ಮಾದರಿಯ ಇನ್ನೊಂದು ರೂಪ. ಕೆಂಪಗೆ ಹೊಳೆಯುವ ಮೂಗಿನಿಂದಾಗಿ ನಗೆಪಾಟಲಾದ ಸಾರಂಗ, ಮಂಜು ಕವಿದ ರಾತ್ರಿ ಅದೇ ಮೂಗಿನ ಬೆಳಕಿನಿಂದ ಸಾಂತಾಕ್ಲಾಸನ ಬಂಡಿಗೆ ದಾರಿ ತೋರಿ ಮಾನ್ಯವಾಗುತ್ತದೆ. ಇಲ್ಲಿ ಚೆಲುವಿನ ಜಾಗಕ್ಕೆ ಉಪಯುಕ್ತತೆ ಬಂದಿದೆ. ಭಿನ್ನತೆ ಕೆಲಸಕ್ಕೆ ಬಂದರೆ ಸರಿ, ಇಲ್ಲವಾದರೆ ಅದು ಕೊರತೆಯೇ ಎಂಬ ಸೂಚನೆ ಉಳಿಯುತ್ತದೆ. ಈ ಬಗೆಯ ಕೃತಿಗಳನ್ನು ‘ಬಯಲುಮಾಡುವ ಕಥೆ’ಗಳೆಂದು ಕರೆಯಬಹುದು. ಹೊರಗಿನ ಸಿಪ್ಪೆ ಸುಲಿದಾಗ ಒಳಗೊಂದು ನಿಧಿ ಕಾಣಿಸಲೇಬೇಕು ಎಂಬುದು ಅವುಗಳ ಕರಾರು. ಪರೀಕ್ಷೆಗೆ ನಿಲ್ಲುವವನು ಯಾವಾಗಲೂ ತಿರಸ್ಕೃತನೇ; ತಿರಸ್ಕರಿಸಿದವರು ಪರೀಕ್ಷಕರ ಪೀಠದಲ್ಲಿಯೇ ಉಳಿಯುತ್ತಾರೆ.

ಡೇವಿಡ್ ಮಕ್ಕೀ 1968ರಲ್ಲಿ ಪ್ರಕಟಿಸಿ 1989ರಲ್ಲಿ ಹೊಸ ರೂಪದಲ್ಲಿ ತಂದ ‘ಎಲ್ಮರ್’ ಈ ಕರಾರಿನಿಂದ ಅರ್ಧ ದಾರಿ ಹೊರಬಂದ ಕೃತಿ. ಕೌದಿಯಂತೆ ಬಣ್ಣಬಣ್ಣದ ತೇಪೆಗಳ ಮೈಯುಳ್ಳ ಆನೆ ಎಲ್ಮರ್, ಇತರ ಆನೆಗಳಂತೆ ಕಾಣಲು ಹಣ್ಣಿನ ರಸ ಬಳಿದುಕೊಂಡು ಬೂದುಬಣ್ಣಕ್ಕೆ ತಿರುಗುತ್ತದೆ. ಮಳೆ ಬಂದು ಬಣ್ಣ ತೊಳೆದುಹೋಗುತ್ತದೆ. ನೀಲಿ ನರಿಯ ಕಥೆಯೊಡನೆ ಇದನ್ನು ಇಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ನರಿ ಬೇರೆಯಾಗಿ ಕಂಡು ದೊಡ್ಡದಾಗಬಯಸಿತು. ಎಲ್ಮರ್ ಎಲ್ಲರಂತೆ ಕಂಡು ಮರೆಯಾಗಬಯಸಿತು. ನರಿ ಬಯಲಾದಾಗ ಹಿಂಡು ಕೊಂದಿತು. ಎಲ್ಮರ್ ಬಯಲಾದಾಗ ಹಿಂಡು ನಕ್ಕಿತು, ಬಳಿಕ ವರ್ಷಕ್ಕೊಂದು ದಿನ ತಾನೇ ಬಣ್ಣ ಹಚ್ಚಿಕೊಳ್ಳಲು ತೀರ್ಮಾನಿಸಿತು. ಬದಲಾವಣೆ ಹಿಂಡಿನ ಮೈಮೇಲೆ ನಡೆಯುವುದು ಇಲ್ಲಿಯ ಹೊಸತನ. ಆದರೂ ಎಲ್ಮರ್ ಹಿಂಡಿಗೆ ಬೇಕಾದದ್ದು ಅದು ಎಲ್ಲರನ್ನೂ ನಗಿಸುತ್ತದೆಂಬ ಕಾರಣಕ್ಕೆ ಎಂಬುದನ್ನು ಮರೆಯುವಂತಿಲ್ಲ.

4

ಈ ಹಿನ್ನೆಲೆಯಲ್ಲಿ ತಾರೊ ಯಾಶಿಮಾ ಅವರ ‘ಕ್ರೋ ಬಾಯ್’ (1955) ಸೂಕ್ಷ್ಮವಾದ ಓದನ್ನು ಬಯಸುವ ಕೃತಿ. 1908ರಲ್ಲಿ ಜಪಾನಿನ ಕಾಗೊಶಿಮಾ ಪ್ರಾಂತದಲ್ಲಿ ಹುಟ್ಟಿದ ಯಾಶಿಮಾ ಅವರ ನಿಜನಾಮ ಜುನ್ ಅತ್ಸುಶಿ ಇವಾಮತ್ಸು. ಜಪಾನಿನ ಸೈನಿಕ ಪ್ರಭುತ್ವವನ್ನು ವಿರೋಧಿಸಿ ಸೆರೆವಾಸ ಅನುಭವಿಸಿದ ಅವರು 1939ರಲ್ಲಿ ಅಮೆರಿಕಕ್ಕೆ ತೆರಳಿದರು. ಪರದೇಶದ ಭಾಷೆಯಲ್ಲಿ ತಮ್ಮ ಊರಿನ ಶಾಲೆಯನ್ನು ನೆನೆದು ರಚಿಸಿದ ಈ ಪುಸ್ತಕ 1956ರಲ್ಲಿ ಕಾಲ್ಡೆಕಾಟ್ ಗೌರವಕ್ಕೆ ಪಾತ್ರವಾಯಿತು.

ಹಳ್ಳಿಯ ಶಾಲೆಯ ಮೊದಲ ದಿನವೇ ಒಬ್ಬ ಹುಡುಗ ಕಾಣೆಯಾಗಿರುತ್ತಾನೆ. ಶಾಲಾ ಕಟ್ಟಡದ ಅಡಿಯ ಕತ್ತಲಲ್ಲಿ ಅಡಗಿ ಕುಳಿತ ಅವನಿಗೆ, ತೀರ ಪುಟ್ಟವನಾದ್ದರಿಂದ, ಚಿಬಿ ಎಂಬ ಅಡ್ಡಹೆಸರು ಬೀಳುತ್ತದೆ. ಗುರುವಿಗೆ ಹೆದರಿ ಕಲಿಯಲಾರದ, ಮಕ್ಕಳಿಗೆ ಹೆದರಿ ಗೆಳೆತನ ಮಾಡಲಾರದ ಅವನನ್ನು ಎಲ್ಲರೂ ದಡ್ಡನೆಂದು ಕರೆಯುತ್ತಾರೆ. ಆರನೆಯ ವರ್ಷ ಇಸೊಬೆ ಎಂಬ ಹೊಸ ಗುರು ಬರುತ್ತಾರೆ. ಆ ವರ್ಷದ ಪ್ರದರ್ಶನದಲ್ಲಿ ಚಿಬಿ ವೇದಿಕೆಯೇರಿ ಕಾಗೆಗಳ ಬಗೆಬಗೆಯ ದನಿಗಳನ್ನು ಅನುಕರಿಸುತ್ತಾನೆ. ಸಹಪಾಠಿಗಳು ಅಳುತ್ತಾರೆ. ಮುಂದೆ ಅವನ ಹೆಸರು ಚಿಬಿ ಅಲ್ಲ, ಕಾಗೆ ಹುಡುಗ.

ಮೇಲುನೋಟಕ್ಕೆ ಇದೂ ಬಯಲುಮಾಡುವ ಕಥೆಯೇ: ಅಡಗಿದ್ದ ಪ್ರತಿಭೆ ಹೊರಬಿತ್ತು, ಸಮಾಜ ಒಪ್ಪಿಕೊಂಡಿತು. ಆದರೆ ಮೂರು ಅಂಶಗಳು ಈ ಓದನ್ನು ತಡೆಯುತ್ತವೆ. ಮೊದಲನೆಯದು, ನಿರೂಪಣೆ ‘ನಾವು’ ಎಂಬ ಬಹುವಚನದಲ್ಲಿದೆ. ಕಥೆ ಹೇಳುತ್ತಿರುವವರು ಚಿಬಿಯನ್ನು ಆರು ವರ್ಷ ಒಂಟಿಯಾಗಿ ಬಿಟ್ಟ ಸಹಪಾಠಿಗಳು. ಓದುವ ಮಗು ಚಿಬಿಯೊಡನೆ ಕುಳಿತು ಕನಿಕರಪಡುವ ಸುಖವನ್ನು ಈ ವ್ಯಾಕರಣ ಕೊಡುವುದಿಲ್ಲ. ಅದು ಮಗುವನ್ನು ತಪ್ಪು ಮಾಡಿದವರ ಸಾಲಿನಲ್ಲಿ ಕೂರಿಸುತ್ತದೆ.

ಎರಡನೆಯದು, ಚಿತ್ರಗಳು ಈ ‘ನಾವು’ವಿಗೆ ತಿಳಿಯದ್ದನ್ನು ಮೊದಲೇ ತಿಳಿದಿವೆ. ಚಿಬಿ ಹೊತ್ತು ಕಳೆಯಲು ನೋಡುವ ಚಾವಣಿ, ಮೇಜಿನ ಮರದ ಗೆರೆಗಳು, ಪಕ್ಕದ ಹುಡುಗನ ಭುಜದ ಮೇಲಿನ ತೇಪೆ, ಕಿಟಕಿಯಾಚೆಯ ನೋಟ ಇವುಗಳನ್ನು ಪುಸ್ತಕ ಪುಟಗಳ ಮೇಲೆ ಹರಡುತ್ತದೆ. ತರಗತಿಗೆ ಅವನು ಏನನ್ನೂ ನೋಡದ ಮಂಕ; ಪುಟಕ್ಕೆ ಅವನು ಎಲ್ಲರಿಗಿಂತ ಹೆಚ್ಚು ನೋಡುವವನು. ಚಿಬಿ ಹೇಗೆ ಕಾಣುತ್ತಾನೆ ಎಂಬ ಪ್ರಶ್ನೆಯನ್ನು ಬಿಟ್ಟು ಚಿಬಿಗೆ ಏನು ಕಾಣುತ್ತದೆ ಎಂಬ ಪ್ರಶ್ನೆಯನ್ನು ಚಿತ್ರ ಎತ್ತಿಕೊಳ್ಳುತ್ತದೆ. ನೋಟಕ್ಕೆ ಗುರಿಯಾದವನು ಇಲ್ಲಿ ನೋಡುವವನಾಗುತ್ತಾನೆ. ತೋರಿಕೆಯ ತೊಡಕನ್ನು ಚಿತ್ರದಿಂದಲೇ ಬಿಡಿಸಿದ ಬಗೆ ಇದು.

ಮೂರನೆಯದು ಮತ್ತು ಹೆಚ್ಚು ಮಹತ್ವದ್ದು, ಮನ್ನಣೆ ಸಾಬೀತಿಗಿಂತ ಮುಂಚೆ ಬರುತ್ತದೆ. ಕಾಗೆಯ ದನಿ ಕೇಳುವ ಮೊದಲೇ ಇಸೊಬೆ ಚಿಬಿಯ ಕಪ್ಪುಬಿಳುಪು ಚಿತ್ರಗಳನ್ನು ಗೋಡೆಗೆ ಹಚ್ಚಿರುತ್ತಾರೆ. ಅವನೊಬ್ಬನಿಗೆ ಮಾತ್ರ ಓದಲು ಬರುವ ಅವನ ಕೈಬರಹವನ್ನೂ ಮೆಚ್ಚಿರುತ್ತಾರೆ. ಯಾರೂ ಇಲ್ಲದಾಗ ಅವನೊಡನೆ ಮಾತಾಡಿರುತ್ತಾರೆ. ಇನ್ನೊಬ್ಬರಿಗೆ ಓದಲಾಗದ ಬರಹ ಪ್ರತಿಭೆಯೆನಿಸದು, ಉಪಯೋಗಕ್ಕೂ ಬಾರದು. ಅದನ್ನು ಗೋಡೆಯ ಮೇಲಿರಿಸಿದ ಗುರು ಯಾವ ಪರೀಕ್ಷೆಯನ್ನೂ ಒಡ್ಡಲಿಲ್ಲ. ಕಾಗೆಯ ದನಿಗಳು ಸಹ ಜಾಣ್ಮೆಯ ಪ್ರದರ್ಶನವಾಗಿ ಉಳಿಯುವುದಿಲ್ಲ. ಈ ದನಿಗಳನ್ನು ಅವನು ಕಲಿತದ್ದು ಆರು ವರ್ಷ ದಿನವೂ ನಸುಕಿನಲ್ಲಿ ಮನೆ ಬಿಟ್ಟು, ಸಂಜೆ ಹೊತ್ತು ಮುಳುಗುವಾಗ ಮನೆ ಸೇರುವ ದಾರಿಯಲ್ಲಿ ಎಂದು ಗುರು ವಿವರಿಸಿದಾಗ ಮಕ್ಕಳು ಅಳುತ್ತಾರೆ. ಅವರ ಕಿವಿಗೆ ಬಿದ್ದದ್ದು ಒಂದು ದಾರಿಯ ಉದ್ದ. ನೀಲಿ ನರಿಯ ಕಥೆಯಲ್ಲಿ ದನಿ ಹುಟ್ಟನ್ನು ಬಯಲುಮಾಡಿ ಕೊಲ್ಲಿಸಿತು. ಇಲ್ಲಿ ದನಿ ಬದುಕನ್ನು ತಿಳಿಸಿ ಕೇಳಿದವರನ್ನು ತಿದ್ದಿತು.

5

ಭಾರತೀಯ ಚಿತ್ರಪುಸ್ತಕಗಳಲ್ಲಿ ಇದರೊಡನೆ ಇಟ್ಟು ನೋಡಬೇಕಾದದ್ದು ‘ಕಾಳಿ ಅಂಡ್ ದ ರ‍್ಯಾಟ್ ಸ್ನೇಕ್’. ಝಾಯ್ ವಿಟೇಕರ್ ಬರೆದು ಶ್ರೀವಿದ್ಯಾ ನಟರಾಜನ್ ಚಿತ್ರಿಸಿದ ಈ ಕೃತಿಯನ್ನು ಚೆನ್ನೈನ ತೂಲಿಕಾ ಪ್ರಕಾಶನ 2000ದಲ್ಲಿ ಹೊರತಂದಿತು. ಕಾಳಿ ಇರುಳ ಸಮುದಾಯದ ಹುಡುಗ. ತಂದೆ ಹಾವು ಹಿಡಿಯುವುದರಲ್ಲಿ ನಿಪುಣ. ಶಾಲೆಯಲ್ಲಿ ಅವನ ಹಿನ್ನೆಲೆಯೂ ಅವನು ತಿನ್ನುವ ಹುರಿದ ಗೆದ್ದಲೂ ಇತರ ಮಕ್ಕಳಿಗೆ ವಿಚಿತ್ರ. ಒಂದು ದಿನ ತರಗತಿಯೊಳಗೆ ಕೇರೆ ಹಾವು ಕಾಣಿಸಿಕೊಂಡು ಎಲ್ಲರೂ ದಿಕ್ಕೆಟ್ಟಾಗ ಕಾಳಿ ಅದನ್ನು ಹಿಡಿಯುತ್ತಾನೆ, ಎಲ್ಲರ ಕಣ್ಣಲ್ಲಿ ವೀರನಾಗುತ್ತಾನೆ.

ಈ ಕೃತಿಯ ಸಾಧನೆ ಸಣ್ಣದಲ್ಲ. ಆದಿವಾಸಿ ಮಗುವೊಂದು ತನ್ನ ಆಹಾರ, ತಂದೆಯ ಕಸುಬು, ಹೆಸರು ಇವುಗಳೊಡನೆ ಕಥೆಯ ನಡುಮನೆಗೆ ಬರುವುದು ಭಾರತೀಯ ಮಕ್ಕಳ ಪುಸ್ತಕದಲ್ಲಿ ಅಪರೂಪ. ಇರುಳರ ವಿದ್ಯೆಗೆ ವಾಸ್ತವ ಜಗತ್ತಿನಲ್ಲಿಯೂ ಮನ್ನಣೆ ದೊರೆತಿದೆ: ಹಾವಿನ ಚರ್ಮದ ವ್ಯಾಪಾರ ಕಾನೂನಿನಿಂದ ನಿಂತ ಮೇಲೆ 1978ರಲ್ಲಿ ಮದ್ರಾಸಿನ ಬಳಿ ಸ್ಥಾಪಿತವಾದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ ವಿಷಸಂಗ್ರಹಣೆಯ ಮೂಲಕ ಪ್ರತಿವಿಷ ತಯಾರಿಕೆಗೆ ನೆರವಾಗಿದೆ, 2023ರಲ್ಲಿ ಈ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ ಪದ್ಮಶ್ರೀ ಸಂದಿತು. ಕೇರೆ ವಿಷವಿಲ್ಲದ ಹಾವೆಂಬುದೂ ಇಲ್ಲಿ ಅರ್ಥಪೂರ್ಣ. ಹಾವೆಂಬ ತೋರಿಕೆಯಿಂದಲೇ ಹೆದರಿಕೆ ಹುಟ್ಟಿಸುವ ನಿರಪಾಯದ ಜೀವಿ ಅದು. ಅದನ್ನು ಅದು ಇರುವಂತೆ ಕಾಣಬಲ್ಲವನು ಕಾಳಿಯೊಬ್ಬನೇ.

ಆದರೆ ಪ್ರಶ್ನೆ ಉಳಿಯುತ್ತದೆ: ಹಾವು ಬಾರದಿದ್ದರೆ? ಕಾಳಿಗೆ ಗೆಳೆತನ ದೊರೆಯಲು ಇಡೀ ತರಗತಿ ಅಪಾಯಕ್ಕೆ ಸಿಲುಕಬೇಕಾಯಿತು. ಇಸೊಬೆಯಂತೆ ಮೊದಲೇ ಗೋಡೆಯ ಮೇಲೆ ಜಾಗ ಕೊಡುವವರು ಇಲ್ಲಿಲ್ಲ. ಕರ್ನಾಟಕದಲ್ಲಿ ರಾಮನಗರ, ಮಾಗಡಿ ಪರಿಸರದಲ್ಲಿ ಇರುಳಿಗ ಸಮುದಾಯದವರಿದ್ದಾರೆ. ಆ ಸಮುದಾಯದ, ಹಾವು ಹಿಡಿಯಲು ಬಾರದ, ಹಾಡಲು ಬಾರದ, ಲೆಕ್ಕದಲ್ಲಿಯೂ ಹಿಂದಿರುವ ಸಾಧಾರಣ ಮಗುವೊಂದು ಈ ಪುಸ್ತಕವನ್ನು ಓದಿದರೆ ಅದಕ್ಕೆ ದೊರೆಯುವ ಭರವಸೆ ಏನು? ರುಡಿನ್ ಸಿಮ್ಸ್ ಬಿಷಪ್ 1990ರಲ್ಲಿ ಮಕ್ಕಳ ಪುಸ್ತಕವನ್ನು ಕನ್ನಡಿ, ಕಿಟಕಿ ಮತ್ತು ಜಾರುಬಾಗಿಲುಗಳಿಗೆ ಹೋಲಿಸಿದರು. ಬಯಲುಮಾಡುವ ಕಥೆ ಇತರ ಮಕ್ಕಳಿಗೆ ಕಿಟಕಿಯಾಗಬಹುದು. ಆದರೆ ತಿರಸ್ಕೃತ ಮಗುವಿಗೆ ಅದು ಹಿಡಿಯುವ ಕನ್ನಡಿಯಲ್ಲಿ ವೀರನ ಮುಖವಷ್ಟೇ ಕಾಣುತ್ತದೆ, ತನ್ನದಲ್ಲ.

6

ಸಾಬೀತಿನ ಹೊರೆಯನ್ನು ಪೂರ್ತಿಯಾಗಿ ಇಳಿಸಿದ ಎರಡು ಕೃತಿಗಳನ್ನು ಇಲ್ಲಿ ಹೆಸರಿಸಬೇಕು. ಮನ್ರೊ ಲೀಫ್ ಬರೆದು ರಾಬರ್ಟ್ ಲಾಸನ್ ಚಿತ್ರಿಸಿದ ‘ದ ಸ್ಟೋರಿ ಆಫ್ ಫರ್ಡಿನೆಂಡ್’ (1936) ಮೊದಲನೆಯದು. ಹೂವಿನ ವಾಸನೆ ನೋಡುತ್ತ ಕೂರುವುದೇ ಇಷ್ಟವಾದ ಹೋರಿ ಫರ್ಡಿನೆಂಡ್, ದುಂಬಿಯ ಮೇಲೆ ಕುಳಿತು ಕಚ್ಚಿಸಿಕೊಂಡು ಹಾರಾಡಿದ್ದನ್ನು ಕಂಡ ಐದು ಮಂದಿ ಅದನ್ನು ಅತ್ಯಂತ ಉಗ್ರವಾದ ಹೋರಿಯೆಂದು ನಿರ್ಣಯಿಸಿ ಮ್ಯಾಡ್ರಿಡ್‌ನ ಕಾಳಗದ ಅಂಗಳಕ್ಕೆ ಒಯ್ಯುತ್ತಾರೆ. ಅಲ್ಲಿಯೂ ಅದು ಹೆಂಗಸರ ಮುಡಿಯ ಹೂವಿನ ಕಂಪನ್ನು ಸವಿಯುತ್ತ ಕುಳಿತುಬಿಡುತ್ತದೆ. ಬೇರೆ ದಾರಿಯಿಲ್ಲದೆ ಮನೆಗೆ ಕಳಿಸುತ್ತಾರೆ. ಫರ್ಡಿನೆಂಡ್ ಯಾರನ್ನೂ ಉಳಿಸಲಿಲ್ಲ, ಏನನ್ನೂ ಗೆಲ್ಲಲಿಲ್ಲ. ಲಾಸನ್‌ನ ಕಪ್ಪುಬಿಳುಪು ರೇಖೆಗಳು ಹೋರಿಯ ಬೃಹತ್ ಮೈಯನ್ನು ಎಲ್ಲಿಯೂ ಮೆದುಗೊಳಿಸುವುದಿಲ್ಲ. ಭೀಕರ ಮೈ ಮತ್ತು ಮೃದು ಸ್ವಭಾವ ಕೊನೆಯವರೆಗೂ ಒಟ್ಟಿಗೇ ಇರುತ್ತವೆ. ಅದರ ತಾಯಿ ಮಾತ್ರ, ಮಗ ಒಂಟಿಯಾಗಿರುವನೇ ಎಂದು ಚಿಂತಿಸಿ ಅವನನ್ನೇ ಕೇಳಿ, ಉತ್ತರವನ್ನು ಒಪ್ಪಿ ಸುಮ್ಮನಾದವಳು. ನೋಡಿ ತೀರ್ಮಾನಿಸಿದವರು ಐವರು, ಕೇಳಿ ತಿಳಿದವಳು ಒಬ್ಬಳು. ಅಂತಃಕರಣವೆಂಬುದು ಕಣ್ಣಿಗಿಂತ ಕಿವಿಗೆ ಹತ್ತಿರವಾದ ಸಂಗತಿ ಎಂಬ ತಿಳಿವು ‘ಕ್ರೋ ಬಾಯ್’ನಲ್ಲಿ ಕಂಡಂತೆ ಇಲ್ಲಿಯೂ ಇದೆ.

ಎರಡನೆಯದು, ಸುಜಾತಾ ಪದ್ಮನಾಭನ್ ಬರೆದು ಮಧುವಂತಿ ಅನಂತರಾಜನ್ ಚಿತ್ರಿಸಿದ, ಬೆಂಗಳೂರಿನ ಪ್ರಥಮ್ ಬುಕ್ಸ್ ಪ್ರಕಟಿಸಿರುವ ‘ಚುಸ್ಕಿತ್ ಗೋಸ್ ಟು ಸ್ಕೂಲ್’. ಲಡಾಖಿನ ಹುಡುಗಿ ಚುಸ್ಕಿತ್‌ಗೆ ನಡೆಯಲಾಗದು. ಗಾಲಿಕುರ್ಚಿ ಇದ್ದರೂ ಶಾಲೆಯ ದಾರಿ ಕಲ್ಲುಮುಳ್ಳಿನದು. ಅಬ್ದುಲ್ ಎಂಬ ಹುಡುಗ ಈ ವಿಷಯವನ್ನು ಶಾಲೆಯಲ್ಲಿ ಎತ್ತುತ್ತಾನೆ. ಮಕ್ಕಳೆಲ್ಲ ಸೇರಿ ದಾರಿಯನ್ನು ಸಮಮಾಡುತ್ತಾರೆ. ಇಲ್ಲಿ ಚುಸ್ಕಿತ್ ವಿಶೇಷ ಪ್ರತಿಭೆಯನ್ನು ತೋರಿಸಬೇಕಾಗಿಲ್ಲ. ಅವಳಿಗೆ ಶಾಲೆಗೆ ಹೋಗುವ ಆಸೆಯಿದೆ, ಅಷ್ಟು ಸಾಕು. ಕೊರತೆ ಇದ್ದದ್ದು ಕಾಲಿನಲ್ಲಲ್ಲ, ದಾರಿಯಲ್ಲಿ ಎಂದು ಕೃತಿ ತೀರ್ಮಾನಿಸುತ್ತದೆ. ಮರುಕದ ಮಾತಿಗೆ ಬದಲಾಗಿ ಗುದ್ದಲಿ ಕೆಲಸ ಇಲ್ಲಿ ಅಂತಃಕರಣದ ರೂಪವಾಗಿದೆ.

7

ಕನ್ನಡದ ಸಂದರ್ಭದಲ್ಲಿ ಈ ವಿವೇಚನೆಯಿಂದ ಹೊರಡುವ ಪ್ರಶ್ನೆಗಳು ಎರಡು. ಮೊದಲನೆಯದು ಪರಿಭಾಷೆಯದು. ‘ಸಹಾನುಭೂತಿ’ ಎಂಬ ಪದದ ಧಾತ್ವರ್ಥ ಜೊತೆಗೂಡಿ ಅನುಭವಿಸುವುದು. ಆದರೆ ಬಳಕೆಯಲ್ಲಿ ಅದು ಕನಿಕರದ ಕಡೆಗೆ ಜಾರಿದೆ. ಮೇಲೆ ನಿಂತವನು ಕೆಳಗಿರುವವನಿಗೆ ತೋರುವ ಭಾವವಾಗಿದೆ. ಈಚೆಗೆ ಬಳಕೆಗೆ ಬಂದ ‘ಪರಾನುಭೂತಿ’ ಖಚಿತವಾಗಿದ್ದರೂ ಮಕ್ಕಳ ನಾಲಗೆಗೆ ದೂರ. ‘ಅಂತಃಕರಣ’ ಮಾತ್ರ ಒಳಗಿನ ಇಂದ್ರಿಯವನ್ನೂ ಆರ್ದ್ರತೆಯನ್ನೂ ಒಟ್ಟಿಗೆ ಸೂಚಿಸುವ, ಮನೆಮಾತಿನಲ್ಲಿ ಬದುಕಿರುವ ಪದ. ಪದದ ಆಯ್ಕೆ ಇಲ್ಲಿ ಕ್ಷುಲ್ಲಕವಲ್ಲ. ಕನಿಕರವನ್ನು ಬೋಧಿಸುವ ಪುಸ್ತಕ ತಿರಸ್ಕೃತನನ್ನು ಇನ್ನೂ ಕೆಳಗಿಳಿಸುವ ಸಾಧ್ಯತೆಯಿದೆ.

ಎರಡನೆಯದು ವಿಮರ್ಶೆಯ ಮಾನದಂಡದ್ದು. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಮುಕ್ತ ಸಂಗ್ರಹದಿಂದಲೂ ಇತರ ಪ್ರಕಾಶಕರಿಂದಲೂ ಚಿತ್ರಪುಸ್ತಕಗಳು ಈಗ ಕನ್ನಡದಲ್ಲಿ ದೊರೆಯುತ್ತಿವೆ. ಅವುಗಳನ್ನು ಅಳೆಯುವ ಕ್ರಮ ಮಾತ್ರ ಹಳೆಯದು. ಅಮೆರಿಕದಲ್ಲಿ ಕಾಲ್ಡೆಕಾಟ್ ಪದಕ 1938ರಿಂದ ಚಿತ್ರಕಾರರಿಗೇ ಸಲ್ಲುತ್ತಿದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ನೀಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರ ಲೇಖಕರನ್ನು ಗುರುತಿಸುತ್ತದೆ. ಚಿತ್ರವನ್ನು ಓದದ ವಿಮರ್ಶೆ ಕೊನೆಯ ಪುಟದ ನೀತಿಯನ್ನು ನೋಡಿ ಪುಸ್ತಕಕ್ಕೆ ಮಣೆ ಹಾಕುತ್ತದೆ. ತೋರಿಕೆಯನ್ನು ನಂಬಬೇಡ ಎಂಬ ವಾಕ್ಯವಿದ್ದ ಮಾತ್ರಕ್ಕೆ ಒಳ್ಳೆಯ ಪುಸ್ತಕವೆಂದು ಒಪ್ಪುವುದು, ಪುಸ್ತಕವನ್ನು ಅದರ ತೋರಿಕೆಯಿಂದಲೇ ಅಳೆದಂತೆ. ಬದಲಿಗೆ ಕೇಳಬೇಕಾದ ಪ್ರಶ್ನೆಗಳು ಬೇರೆ: ಕಥೆಯಲ್ಲಿ ಪರೀಕ್ಷೆಗೆ ನಿಂತವರು ಯಾರು? ಕೊನೆಯಲ್ಲಿ ಬದಲಾದವರು ಯಾರು? ಚಿತ್ರ ಯಾರ ಕಣ್ಣಿನಿಂದ ಬರೆಯಲ್ಪಟ್ಟಿದೆ?

ಈ ಪ್ರಶ್ನೆಗಳನ್ನು ಕೇಳಲು ಬೇಕಾದ ಸಂಸ್ಕಾರ ಕನ್ನಡದ ಮಕ್ಕಳಿಗೆ ಹೊಸದಾಗಿ ಬರಬೇಕಾಗಿಲ್ಲ. ಅವರು ಮೊದಲು ಕೇಳುವ ಕಥೆಗಳಲ್ಲಿ ಒಂದಾದ ಗೋವಿನ ಹಾಡಿನಲ್ಲಿ ಪರೀಕ್ಷೆಗೆ ನಿಂತದ್ದು ಹಸು. ಆದರೆ ಬದಲಾದದ್ದು ಹುಲಿ. ಬಲವಿರುವವನೇ ತನ್ನ ತೀರ್ಮಾನವನ್ನು ಹಿಂತೆಗೆದುಕೊಳ್ಳುವ ಆ ಗಳಿಗೆಯನ್ನು ಕನ್ನಡ ಮನಸ್ಸು ತಲೆಮಾರುಗಳಿಂದ ಬಲ್ಲದು. ಹುಲಿ ಅದಕ್ಕೆ ಪ್ರಾಣವನ್ನೇ ತೆರಬೇಕಾಯಿತು. ಚಿತ್ರಪುಸ್ತಕ ಕೇಳುವ ಬೆಲೆ ಅಷ್ಟು ದೊಡ್ಡದಲ್ಲ: ತರಗತಿಯ ಮೂಲೆಯಲ್ಲಿ ಕುಳಿತ, ಇನ್ನೂ ಏನನ್ನೂ ಸಾಬೀತುಮಾಡದ ಮಗುವಿಗೆ ಗೋಡೆಯ ಮೇಲೆ ಒಂದಿಷ್ಟು ಜಾಗ.